ಹಾಸನದ ಭಾನುವಾರದ ಸಂವಿಧಾನ ತರಗತಿ: ಸೇರಿ, ಪುಸ್ತಕ ಮಾತ್ರ ನಿಮ್ಮದೇ ಇರಲಿ

ಹಾಸನದ ಕೆ.ಆರ್. ಪುರಂನಲ್ಲಿ ಆರು ಭಾನುವಾರ ನಡೆಯುವ ಈ ತರಗತಿ ಪರೀಕ್ಷೆಯ ಕೋಚಿಂಗ್ ಅಲ್ಲ. ವಿಧಿಗಳ ಸಂಖ್ಯೆ ಬಾಯಿಪಾಠ ಮಾಡಿಸುವ ಬದಲು ಸಂವಿಧಾನದ ಪಠ್ಯವನ್ನೇ ಮುಂದಿಟ್ಟು ಓದಿಸುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇಡೀ ತರಗತಿಯ ಜೀವಾಳ ಏಳನೇ ಅನುಸೂಚಿಯ (ಯಾವ ವಿಷಯಕ್ಕೆ ಕೇಂದ್ರ, ಯಾವುದಕ್ಕೆ ರಾಜ್ಯ ಕಾನೂನು ಮಾಡಬಹುದು ಎಂದು ಹಂಚುವ ಪಟ್ಟಿಗಳು) ಪಾಠ. ಕಾಫಿ ತೋಟಕ್ಕೆ ಆನೆ ನುಗ್ಗುತ್ತಿದೆ, ಈ ಬಗ್ಗೆ ಕಾನೂನು ಮಾಡುವ ಅಧಿಕಾರ ಯಾರದು ಎಂದು ಕೇಳುತ್ತಾರೆ. ಆಲೂರು, ಸಕಲೇಶಪುರದ ಕಡೆಯವರು ಬಹುತೇಕ ‘ರಾಜ್ಯದ್ದು’ ಎನ್ನುತ್ತಾರೆ. ಅರಣ್ಯ ಇಲಾಖೆ ರಾಜ್ಯದ್ದೇ ತಾನೆ. ಆಮೇಲೆ ಪುಟ ತೆಗೆಸುತ್ತಾರೆ. ರಾಜ್ಯ ಪಟ್ಟಿಯ 19 ಮತ್ತು 20ನೇ ನಮೂದುಗಳ ಜಾಗ ಖಾಲಿ. 1976ರ 42ನೇ ತಿದ್ದುಪಡಿ ಅರಣ್ಯವನ್ನೂ ವನ್ಯಜೀವಿ ರಕ್ಷಣೆಯನ್ನೂ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ, 17ಎ ಮತ್ತು 17ಬಿ ಆಗಿ, ಸಾಗಿಸಿದೆ. ಅಲ್ಲಿಂದ ನೇರ 254ನೇ ವಿಧಿಗೆ: ಸಮವರ್ತಿ ವಿಷಯದಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಕೇಂದ್ರದ್ದೇ ಮೇಲು, ರಾಷ್ಟ್ರಪತಿಯ ಅಂಕಿತ ಪಡೆದಿದ್ದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ್ದು ನಿಲ್ಲಬಹುದು. ಒಕ್ಕೂಟ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಮನಸ್ಸಿಗೆ ಇಳಿಯುತ್ತದೆ.

ಹಕ್ಕುಗಳ ಪಾಠ ಇಷ್ಟು ಬಿಗಿಯಾಗಿಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. 22(2)ನೇ ವಿಧಿಯಲ್ಲಿ ಪ್ರಯಾಣದ ಸಮಯ ಆ ಲೆಕ್ಕಕ್ಕೆ ಸೇರುವುದಿಲ್ಲ. 22(3)ರ ಪ್ರಕಾರ ಮುನ್ನೆಚ್ಚರಿಕೆ ಬಂಧನಕ್ಕೆ (ಅಪರಾಧ ನಡೆಯುವ ಮೊದಲೇ, ತಡೆಯಲೆಂದು ಮಾಡುವ ಬಂಧನ) ಈ ರಕ್ಷಣೆಯೇ ಅನ್ವಯಿಸುವುದಿಲ್ಲ. ಅರ್ಧ ಹಕ್ಕು ಕಲಿತು ಠಾಣೆಗೆ ಹೋದವರು ಅಲ್ಲಿ ಮಾತು ಸೋಲುತ್ತಾರೆ. ಯಾವ ವಿಧಿ ಓದಿದರೂ ಅದರ ಕೆಳಗಿನ ಉಪವಿಧಿ, ‘ಪರಂತು’ (ವಿನಾಯಿತಿ ಹೇಳುವ ಷರತ್ತು) ಎಲ್ಲವನ್ನೂ ಓದಿಸಲೇಬೇಕು.

ಪಂಚಾಯಿತಿ ಪಾಠದಲ್ಲೂ ಇದೇ ಕೊರತೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳನ್ನು ತೋರಿಸಿದರೆ, ಅವೆಲ್ಲ ಈಗಾಗಲೇ ಪಂಚಾಯಿತಿಯ ಅಧಿಕಾರ ಎಂದು ಜನ ತಿಳಿಯುತ್ತಾರೆ. 243ಜಿ ವಿಧಿ ಹೇಳುವುದು, ರಾಜ್ಯ ಶಾಸಕಾಂಗ ಕಾನೂನಿನ ಮೂಲಕ ಆ ಅಧಿಕಾರ ಕೊಡಬಹುದು ಎಂದು. ಹಾಗಾಗಿ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯನ್ನೂ ಪಕ್ಕದಲ್ಲಿಟ್ಟು ಓದಬೇಕು.

ಮೂಲ ರಚನೆಯ (ತಿದ್ದುಪಡಿಯಿಂದಲೂ ಸಂಸತ್ತು ಕೆಡಿಸಲಾಗದ ಸಂವಿಧಾನದ ತಿರುಳು) ಪಾಠ ಕೇಶವಾನಂದ ಭಾರತಿ ಪ್ರಕರಣಕ್ಕೇ (1973, 13 ನ್ಯಾಯಮೂರ್ತಿಗಳು, 7–6) ಮುಗಿಯುತ್ತದೆ. ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಪ್ರಕರಣಕ್ಕೆ ಎರಡು ಸಾಲು ಮಾತ್ರ, ಇದು ನಿಜಕ್ಕೂ ಬೇಸರದ ಸಂಗತಿ. 1989ರಲ್ಲಿ ವಜಾ ಆದದ್ದು ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಬಹುಮತ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲಿ. ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಅರ್ಥವಾಗಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಕೊಡುವ ಜೆರಾಕ್ಸ್ ಪ್ರತಿ ಹಳೆಯದು: ಆಸ್ತಿ ಇನ್ನೂ ಮೂಲಭೂತ ಹಕ್ಕಾಗಿಯೇ ಇದೆ. 1978ರ 44ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಗೆ ಸರಿಸಿದೆ. ಕನಿಷ್ಠ 2023ರ 106ನೇ ತಿದ್ದುಪಡಿವರೆಗಿನ ಪ್ರತಿ ಕೊಂಡು ಹೋಗಿ, ಸಾಧ್ಯವಾದರೆ ಕನ್ನಡ, ಇಂಗ್ಲಿಷ್ ಎರಡೂ ಇರುವಂಥದ್ದು. ಆನೆಯ ಪಾಠ ಇರುವ ವಾರವಂತೂ ತಪ್ಪಿಸಬೇಡಿ.