ಹುಲ್ಲಿನ ಟೋಪಿಯ ಊರು ನೋಡಲು ಸೀನ್ಯಾಗೋ, ಮೊಂತಾಪ್ಪೋನೆಗೋ?

ಎರಡೂ ಇಟಲಿಯಲ್ಲಿ ಹುಲ್ಲಿನ ಟೋಪಿಗೆ ಹೆಸರಾದ ಊರುಗಳು. ಫ್ಲಾರೆನ್ಸ್‌ನಲ್ಲಿ ಉಳಿದುಕೊಂಡವರಿಗೆ ಸೀನ್ಯಾ ಸುಲಭ. ಪೀಸಾ ಕಡೆಯ ಲೋಕಲ್ ರೈಲು ಹತ್ತಿದರೆ ಸಾಕು, ಅರ್ಧ ದಿನದಲ್ಲಿ ನೋಡಿ ಬರಬಹುದು. ಮಾರ್ಕೆ ಪ್ರಾಂತ್ಯದ ಗುಡ್ಡದ ಮೇಲಿರುವ ಮೊಂತಾಪ್ಪೋನೆಗೆ ರೈಲಿಲ್ಲ, ಕಾರು ಇದ್ದರೇ ಒಳ್ಳೆಯದು.

ಕಸುಬಿನ ಇತಿಹಾಸ ಬೇಕೆನ್ನುವವರಿಗೆ ಸೀನ್ಯಾವೇ ಸರಿ. 18ನೇ ಶತಮಾನದ ಆರಂಭದಲ್ಲಿ ಟೋಪಿಯ ಹುಲ್ಲಿಗೆಂದೇ ಇಲ್ಲಿ ಗೋಧಿ ಬೆಳೆಸಿದವನು ದೊಮೆನಿಕೊ ಮಿಕೆಲಾಚ್ಚಿ. ಊರಿನ ಹುಲ್ಲಿನ ಮ್ಯೂಸಿಯಂಗೆ ಅವನದೇ ಹೆಸರು. ದಂಟು ಸಣ್ಣಗಾಗಲೆಂದು ಒತ್ತೊತ್ತಾಗಿ ಬಿತ್ತಿ, ಕಾಳು ಬಲಿಯುವ ಮೊದಲೇ ಬೇರುಸಮೇತ ಕಿತ್ತು ಬಿಸಿಲಿಗೆ ಹರಡುತ್ತಿದ್ದರು. (ಗೋಧಿ ಬೆಳೆದೂ ಕಾಳು ಬೇಡವೆಂದರೆ ನಮ್ಮ ರೈತರು ನಕ್ಕಾರು!) ಹೆಂಗಸರು ದಂಟುಗಳನ್ನು ಜಡೆಯಂತೆ ಹೆಣೆದ ಪಟ್ಟಿಯನ್ನು ನಡುನೆತ್ತಿಯಿಂದ ಸುತ್ತುತ್ತಾ ಹೊಲಿದರೆ ಟೋಪಿ ಸಿದ್ಧ. ಲಿವೋರ್ನೊ ಬಂದರಿನಿಂದ ಅದು ಹೊರದೇಶಗಳಿಗೆ ಹೋಗುತ್ತಿತ್ತು. ಕೂಲಿ ಕುಸಿದಾಗ, 1896ರಲ್ಲಿ, ಈ ಸೀಮೆಯ ಹೆಣೆಯುವ ಹೆಂಗಸರು ಮುಷ್ಕರವನ್ನೇ ಹೂಡಿದರು.

ಮೊಂತಾಪ್ಪೋನೆಯ ಆಕರ್ಷಣೆ ಬೇರೆ. ಅಲ್ಲಿ ಟೋಪಿ ಮ್ಯೂಸಿಯಂ ಇದೆ, ಟೋಪಿ ಕಾರ್ಖಾನೆಗಳು ಇವತ್ತಿಗೂ ನಡೆಯುತ್ತಿವೆ. ಜುಲೈನಲ್ಲಿ ಟೋಪಿ ಹಬ್ಬವೂ ಉಂಟು. ಪಕ್ಕದ ಮಾಸ್ಸಾ ಫೆರ್ಮಾನಾದಲ್ಲಿ ಕಾರ್ಲೊ ಕ್ರಿವೆಲ್ಲಿ 1468ರಲ್ಲಿ ರಚಿಸಿದ ಬಹುಫಲಕ ಚಿತ್ರ (ಹಲವು ಹಲಗೆಗಳನ್ನು ಜೋಡಿಸಿದ್ದು) ಇದೆ, ಮೊಂತೆ ವಿದೋನ್ ಕೊರ್ರಾದೊದಲ್ಲಿ ಕಲಾವಿದ ಒಸ್ವಾಲ್ದೊ ಲಿಚೀನಿಯ ಮನೆ.

ಕಾರೂ ಎರಡು ದಿನದ ಬಿಡುವೂ ಇದ್ದರೆ ನನ್ನ ಮತ ಮೊಂತಾಪ್ಪೋನೆಗೆ. ಎಲ್ಲಿಗೇ ಹೊರಟರೂ ಮ್ಯೂಸಿಯಂ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.