ವಾರದ ಹರಾಜು ದರಪಟ್ಟಿ: ಸರಾಸರಿಗಿಂತ ಅದರ ಕೆಳಗಿನ ಸಾಲುಗಳು ಮುಖ್ಯ

ಜಾನುವಾರು ಹರಾಜುಗಳಲ್ಲಿ ನಡೆದ ವ್ಯಾಪಾರವನ್ನು ವಾರಕ್ಕೊಮ್ಮೆ ಒಟ್ಟುಗೂಡಿಸಿ, ದರಪಟ್ಟಿಯಾಗಿ ಚಂದಾದಾರರ ಮೊಬೈಲಿಗೆ ಕಳಿಸುವ ಸೇವೆಯೊಂದನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಎಳೆಯ ಹೋರಿಗರುಗಳನ್ನು ಕೊಂಡು, ಮೇಯಿಸಿ, ಮೈತುಂಬಿದ ಮೇಲೆ ಮಾರುವುದು ನನ್ನ ಮುಖ್ಯ ಕಸುಬು. ಜೊತೆಗೆ ಒಂದು ಸಣ್ಣ ಕುರಿಮಂದೆಯೂ ಇದೆ. ಹೀಗಾಗಿ ಕೊಳ್ಳುವವರ ಸಾಲಿನಲ್ಲೂ ಮಾರುವವರ ಸಾಲಿನಲ್ಲೂ ನಿಂತು ಈ ಪಟ್ಟಿಯನ್ನು ಓದಬೇಕಾದ ಅಗತ್ಯ ನನಗಿದೆ. ಇಂಥ ಸೇವೆಗೆ ಹಣ ಕೊಡುವುದು ಸರಿಯೇ ಎಂದು ಯೋಚಿಸುತ್ತಿರುವ ರೈತರಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದು.

ಹರಾಜಿನ ಕಟ್ಟೆಗೆ ರೈತ ವರ್ಷಕ್ಕೆ ಮೂರೋ ನಾಲ್ಕೋ ಸಲ ಹೋಗುತ್ತಾನೆ. ಖರೀದಿದಾರನಾದರೋ ಪ್ರತಿ ವಾರವೂ ಅಲ್ಲೇ ಇರುತ್ತಾನೆ. ಕಳೆದ ವಾರ ಯಾವ ಮೈಕಟ್ಟಿನ ರಾಸು ಎಷ್ಟಕ್ಕೆ ಹೋಯಿತು, ಎಷ್ಟು ಜನ ಕೂಗಿದರು, ಎಷ್ಟು ರಾಸುಗಳು ಮಾರಾಟವಾಗದೆ ಹಟ್ಟಿಗೆ ಮರಳಿದವು ಎಂಬುದೆಲ್ಲ ಅವನ ಬಾಯಲ್ಲೇ ಇರುತ್ತದೆ, ಮಾರುವವನಿಗೆ ಮಾತ್ರ ಅದರ ಸುಳಿವು ಇರುವುದಿಲ್ಲ. ಸವಾಲು ಶುರುವಾಗುವ ಮೊದಲೇ ಇರುವ ಈ ಅಂತರವನ್ನು ಒಳ್ಳೆಯ ದರಪಟ್ಟಿಯೊಂದು ಬಹುಮಟ್ಟಿಗೆ ತುಂಬಬಲ್ಲದು. ನಾನು ಚಂದಾ ಕಟ್ಟಿದ್ದು ಈ ಒಂದೇ ಕಾರಣಕ್ಕೆ.

ಪಟ್ಟಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸರಾಸರಿ ದರವೂ ಅದರ ಪಕ್ಕದಲ್ಲಿ ಏರಿಕೆ ಅಥವಾ ಇಳಿಕೆಯನ್ನು ತೋರಿಸುವ ಬಾಣವೂ ಇರುತ್ತವೆ. ಅದರ ಕೆಳಗೆ ವರ್ಗ, ತೂಕದ ಅಂತರ, ಮಾರಾಟವಾದ ರಾಸುಗಳ ಸಂಖ್ಯೆ, ಕನಿಷ್ಠ ದರ, ಗರಿಷ್ಠ ದರ ಮತ್ತು ತೂಕಾಧಾರಿತ ಸರಾಸರಿ ಎಂಬ ಕಾಲಮ್ಮುಗಳುಳ್ಳ ಕೋಷ್ಟಕ. ನಂತರ ಹರಾಜಿಗೆ ಖುದ್ದಾಗಿ ಹೋಗಿದ್ದ ವರದಿಗಾರ ಬರೆದ ಐದಾರು ಸಾಲಿನ ಟಿಪ್ಪಣಿ, ಕೊನೆಯಲ್ಲಿ ಕಳೆದ 52 ವಾರಗಳ ಏರಿಳಿತದ ರೇಖಾಚಿತ್ರ. ವಿನ್ಯಾಸದ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಬಿಸಿಲಿನಲ್ಲಿ ನಿಂತು ಓದುವುದಕ್ಕೂ ಅಕ್ಷರ ಸ್ಪಷ್ಟವಾಗಿದೆ, ನೆಟ್‌ವರ್ಕ್ ಇಲ್ಲದ ಕಡೆಯೂ ಹಳೆಯ ಪಟ್ಟಿ ತೆರೆದುಕೊಳ್ಳುತ್ತದೆ.

ಮೊದಲ ವರ್ಷ ನಾನು ಓದಿದ್ದು ಆ ದೊಡ್ಡ ಅಕ್ಷರದ ಸರಾಸರಿಯನ್ನು ಮಾತ್ರ. ಒಂದು ವಾರ ಬಾಣ ಚೆನ್ನಾಗಿಯೇ ಮೇಲೆ ಹೋಗಿತ್ತು. ಇನ್ನೂ ಒಂದು ತಿಂಗಳು ಮೇಯಿಸಬೇಕೆಂದಿದ್ದ ಹನ್ನೊಂದು ಭಾರದ ಹೋರಿಗಳನ್ನು ನಾನು ಅವಸರದಲ್ಲಿ ಲಾರಿಗೆ ಹತ್ತಿಸಿದೆ, ಆದರೆ ನನಗೆ ಸಿಕ್ಕಿದ ದರ ಹಿಂದಿನ ವಾರದ್ದಕ್ಕಿಂತ ಒಂದಿಷ್ಟೂ ಹೆಚ್ಚಿರಲಿಲ್ಲ. ಮನೆಗೆ ಬಂದು ಕೋಷ್ಟಕವನ್ನು ಸಾಲುಸಾಲಾಗಿ ಓದಿದಾಗ ಕಾರಣ ತಿಳಿಯಿತು. ಆ ವಾರ ಹಗುರವಾದ ಎಳೆಗರುಗಳು ಹೆಚ್ಚಾಗಿ ಬಂದಿದ್ದವು, ಭಾರದ ರಾಸುಗಳು ಮತ್ತು ಗೊಡ್ಡು ಹಸುಗಳು ಕಡಿಮೆ ಬಂದಿದ್ದವು. ಎಳೆಗರುವಿಗೆ ಕಿಲೋ ಲೆಕ್ಕದಲ್ಲಿ ಯಾವಾಗಲೂ ಹೆಚ್ಚು ದರ ಇರುವುದರಿಂದ ಆವಕದ ಮಿಶ್ರಣ ಬದಲಾದ ಮಾತ್ರಕ್ಕೇ ಒಟ್ಟು ಸರಾಸರಿ ಮೇಲೇರಿತ್ತು. ಯಾವ ವರ್ಗದ ದರವೂ ಏರಿರಲಿಲ್ಲ. ಅಂದಿನಿಂದ ನಾನು ಮೊದಲ ಪುಟದ ಬಾಣವನ್ನು ನೋಡುವುದನ್ನೇ ಬಿಟ್ಟಿದ್ದೇನೆ. ಎಲ್ಲ ವರ್ಗಗಳನ್ನೂ ಒಂದಾಗಿ ಕಲಸಿ ತೆಗೆದ ಸರಾಸರಿಯನ್ನು ಪ್ರಕಟಿಸುವುದನ್ನು ಈ ಸೇವೆಯವರೂ ಬಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವರ್ಗವಾರು ಕೋಷ್ಟಕ ಮಾತ್ರ ನಿಜಕ್ಕೂ ಮೆಚ್ಚತಕ್ಕದ್ದು. ಅಲ್ಲಿ ಕೊಡುವುದು ತೂಕಾಧಾರಿತ ಸರಾಸರಿ, ಅಂದರೆ ಒಟ್ಟು ಬಂದ ಹಣವನ್ನು ಒಟ್ಟು ಮಾರಾಟವಾದ ಕಿಲೋಗಳಿಂದ ಭಾಗಿಸಿದ ಅಂಕಿ. ಒಂದೇ ತೂಕದ ರಾಸುಗಳಲ್ಲಿ ನಲವತ್ತರ ಒಂದು ಗುಂಪು ಕಿಲೋಗೆ 100ರಂತೆ, ಎರಡೇ ರಾಸುಗಳ ಇನ್ನೊಂದು ಗುಂಪು 130ರಂತೆ ಹೋಯಿತು ಎಂದುಕೊಳ್ಳಿ. ಎರಡು ದರಗಳನ್ನು ಕೂಡಿಸಿ ಅರ್ಧ ಮಾಡಿದರೆ 115 ಬರುತ್ತದೆ, ಆದರೆ ಆ ದಿನದ ನಿಜವಾದ ಸರಾಸರಿ 101ಕ್ಕಿಂತ ಸ್ವಲ್ಪವೇ ಮೇಲೆ. ಕನಿಷ್ಠ ಮತ್ತು ಗರಿಷ್ಠ ದರಗಳ ನಡುವಿನ ಅಂಕಿಯನ್ನು ಮಾರುಕಟ್ಟೆ ದರವೆಂದು ಬಾಯಿಂದ ಬಾಯಿಗೆ ಹೇಳುವ ರೂಢಿಯಿಂದ ಎಷ್ಟೋ ರೈತರು ಸಿಗಲಾರದ ದರಕ್ಕಾಗಿ ಕಾದು ಮೇವು ಖರ್ಚು ಮಾಡುತ್ತಾರೆ. ರಾಸುಗಳ ಸಂಖ್ಯೆಯನ್ನು ದರದ ಪಕ್ಕದಲ್ಲೇ ಮುದ್ರಿಸುವುದು ಈ ಸೇವೆಯ ದೊಡ್ಡ ಗುಣ. ಮೂರು ರಾಸುಗಳ ಮೇಲೆ ನಿಂತ ದರವನ್ನು ನಾನು ದರವೆಂದೇ ಪರಿಗಣಿಸುವುದಿಲ್ಲ.

ತೂಕದ ಅಂತರಗಳನ್ನು ಚಿಕ್ಕಚಿಕ್ಕದಾಗಿ ಬಿಡಿಸಿರುವುದರಿಂದ ಸಿಗುವ ಪ್ರಯೋಜನವೇ ನನ್ನ ಚಂದಾ ಹಣವನ್ನು ಮರಳಿಸಿದ್ದು. ರಾಸು ಭಾರವಾದಂತೆ ಕಿಲೋ ದರ ಇಳಿಯುತ್ತ ಹೋಗುತ್ತದೆ, ಒಂದು ತಲೆಗೆ ಸಿಗುವ ಮೊತ್ತ ಏರುತ್ತದೆ. 200 ಕಿಲೋ ಕರುವಿಗೆ ಕಿಲೋಗೆ 100, 250 ಕಿಲೋ ಕರುವಿಗೆ 92 ಎಂದು ಪಟ್ಟಿಯಲ್ಲಿದ್ದರೆ, ಮೊದಲನೆಯದು 20,000ಕ್ಕೆ, ಎರಡನೆಯದು 23,000ಕ್ಕೆ ಮಾರಾಟವಾದಂತೆ. ಹೆಚ್ಚಿಗೆ ಬೆಳೆಸಿದ 50 ಕಿಲೋಗೆ ದೊರೆತದ್ದು 3,000, ಅಂದರೆ ಕಿಲೋಗೆ 60 ಮಾತ್ರ. ಒಂದು ಕಿಲೋ ಮೈ ಬೆಳೆಸಲು ಮೇವು, ಹಿಂಡಿ, ಆಳು ಎಲ್ಲ ಸೇರಿ ಅದಕ್ಕಿಂತ ಕಡಿಮೆ ತಗಲುವುದಾದರೆ ಕರುವನ್ನು ಉಳಿಸಿಕೊಳ್ಳಬೇಕು, ಹೆಚ್ಚು ತಗಲುವುದಾದರೆ ಇಂದೇ ಮಾರಬೇಕು. ಪಟ್ಟಿಯ ಮೇಲಿನ ಸಾಲಿನ 100 ಅಥವಾ 92 ಎಂಬ ಅಂಕಿಗಳಿಂದ ಈ ನಿರ್ಧಾರ ಸಾಧ್ಯವಿಲ್ಲ. ಅವೆರಡರ ನಡುವಿನ ವ್ಯತ್ಯಾಸದಿಂದ ಮಾತ್ರ ಸಾಧ್ಯ. ಕಾಳಿನ ಬೆಲೆ ಏರಿದಾಗ ಮೇಯಿಸುವವರು ಎಳೆಗರುಗಳಿಗೆ ಕೊಡುವ ದರವನ್ನು ಇಳಿಸುತ್ತಾರೆ ಎಂಬುದೂ ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಕಳೆದ ವರ್ಷ ಎರಡು ಸಲ ಈ ಲೆಕ್ಕ ಹಾಕಿ ನಾನು ಕರುಗಳನ್ನು ಬೇಗ ಮಾರಿದೆ, ಎರಡು ಸಲವೂ ಅದು ಸರಿಯಾಗಿತ್ತು.

ಈಗ ಕೊರತೆಗಳ ಮಾತು. ತೂಕವನ್ನು ಯಾವಾಗ ಮಾಡಿದರು ಎಂಬುದನ್ನು ಈ ಪಟ್ಟಿ ಹೇಳುವುದಿಲ್ಲ, ಮತ್ತು ಇದು ಸಣ್ಣ ಲೋಪವಲ್ಲ. ಮೇವು ನೀರು ಬಿಟ್ಟು ಲಾರಿಯಲ್ಲಿ ನಿಂತು ಬರುವ ರಾಸಿನ ಹೊಟ್ಟೆ ಖಾಲಿಯಾಗಿ ತೂಕ ಇಳಿಯುತ್ತದೆ. ಹಲವೆಡೆ ಹೊಟ್ಟೆ ತುಂಬಿದ ರಾಸಿನ ತೂಕದಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟನ್ನು ಕಳೆದೇ ಲೆಕ್ಕ ಹಾಕುವ ಪದ್ಧತಿ ಇದೆ. 400 ಕಿಲೋ ಹೋರಿಯಲ್ಲಿ ನೂರಕ್ಕೆ ನಾಲ್ಕೆಂದರೆ 16 ಕಿಲೋ. ಒಂದು ಕಟ್ಟೆಯಲ್ಲಿ ಇಳಿಸಿದ ಕೂಡಲೇ ತೂಗಿ, ಇನ್ನೊಂದರಲ್ಲಿ ರಾತ್ರಿಯೆಲ್ಲ ಕಟ್ಟಿಹಾಕಿ ಬೆಳಿಗ್ಗೆ ತೂಗಿದರೆ, ಎರಡರ ಕಿಲೋ ದರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಅರ್ಥವಿಲ್ಲದ ಕೆಲಸ. ದೂರದ ಹರಾಜಿನಲ್ಲಿ ದರ ಹೆಚ್ಚಿದೆ ಎಂದು ಸಾಗಣೆ ಖರ್ಚು ಮಾಡಿ ಹೋಗುವವರು ಈ ವಿಷಯವನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಜೀವಂತ ತೂಕದ ದರವೋ ಮಾಂಸದ ತೂಕದ (ಕೊಯ್ದು ತಲೆ, ಚರ್ಮ, ಒಳಾಂಗ ತೆಗೆದ ಮೇಲಿನ ತೂಕದ) ದರವೋ ಎಂಬುದನ್ನು ಈ ಸೇವೆ ಪ್ರತಿ ಕೋಷ್ಟಕದ ತಲೆಯಲ್ಲೇ ಬರೆಯುತ್ತದೆ, ಅದಕ್ಕಾಗಿ ಅವರನ್ನು ಅಭಿನಂದಿಸಬೇಕು. ಆಸ್ಟ್ರೇಲಿಯಾದ ಪ್ರಸಿದ್ಧ ಎಳೆರಾಸು ಸೂಚ್ಯಂಕವು ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಕಟ್ಟೆಗಳ ಏಳು ದಿನಗಳ ಸರಾಸರಿಯಾಗಿದ್ದು, ಮಾಂಸದ ತೂಕದ ಕಿಲೋಗೆ ಲೆಕ್ಕ ಹಾಕಿದ್ದು. ಅಮೆರಿಕದ ಶಿಕಾಗೋ ವಾಯಿದಾ ಮಾರುಕಟ್ಟೆಯ ಮೇಯಿಸುವ ರಾಸುಗಳ ಸೂಚ್ಯಂಕವೂ ಏಳು ದಿನಗಳದ್ದೇ, ಆದರೆ ಅದು 12 ರಾಜ್ಯಗಳಲ್ಲಿ ಮಾರಾಟವಾದ 700ರಿಂದ 899 ಪೌಂಡ್ ತೂಕದ ಹೋರಿಗಳ ಜೀವಂತ ತೂಕದ ಮೇಲೆ ನಿಂತದ್ದು. ಇವೆರಡನ್ನೂ ಒಂದೇ ಎಂಬಂತೆ ಓದಿದವರು ಮೋಸ ಹೋಗುತ್ತಾರೆ. ರಾಸಿನ ಜೀವಂತ ತೂಕದಲ್ಲಿ ನೂರಕ್ಕೆ 54ರಷ್ಟು ಮಾಂಸದ ತೂಕ ಬರುವುದಾದರೆ, ಮಾಂಸದ ಲೆಕ್ಕದಲ್ಲಿ 100 ಎಂಬ ದರ ಜೀವಂತ ಲೆಕ್ಕದಲ್ಲಿ 54 ಮಾತ್ರ. ಅಮೆರಿಕದಲ್ಲಿ ಕೃಷಿ ಇಲಾಖೆಯ ವರದಿಗಾರರೇ ಹರಾಜುಗಳಿಗೆ ಹೋಗಿ, ಮೈಕಟ್ಟು ಮತ್ತು ಮಾಂಸಖಂಡದ ದರ್ಜೆ ನೋಡಿ, ವರದಿಗಳನ್ನು ಉಚಿತವಾಗಿ ಪ್ರಕಟಿಸುತ್ತಾರೆ. ದೊಡ್ಡ ಮಾಂಸ ಸಂಸ್ಕರಣಾ ಕಂಪನಿಗಳು ತಮ್ಮ ಖರೀದಿ ದರವನ್ನು ತಿಳಿಸಲೇಬೇಕೆಂದು 1999ರಲ್ಲಿ ಅಲ್ಲಿ ಕಾಯಿದೆಯೇ ಬಂದಿತು. ಅಂಥ ಸರ್ಕಾರಿ ವ್ಯವಸ್ಥೆ ಇರುವ ಕಡೆ ಖಾಸಗಿ ಪಟ್ಟಿಗೆ ಹಣ ಕೊಡುವ ಮೊದಲು ಉಚಿತವಾದದ್ದನ್ನು ನಾಲ್ಕು ವಾರ ಓದಿ ನೋಡಬೇಕು.

ಎರಡನೆಯ ಕೊರತೆ, ಮಾರಾಟವಾಗದ ರಾಸುಗಳ ಲೆಕ್ಕ ಇಲ್ಲದಿರುವುದು. ಮಾಲೀಕ ಮನಸ್ಸಿನಲ್ಲಿಟ್ಟುಕೊಂಡ ಕನಿಷ್ಠ ದರಕ್ಕೆ ಸವಾಲು ಮುಟ್ಟದಿದ್ದರೆ ರಾಸು ಹಿಂದಕ್ಕೆ ಹೋಗುತ್ತದೆ, ಹಾಗೆ ಹೋದದ್ದರ ಸುದ್ದಿ ಪಟ್ಟಿಗೆ ಬರುವುದಿಲ್ಲ. ದರ ಸ್ಥಿರವಾಗಿದೆ ಎಂದು ಪಟ್ಟಿ ಹೇಳುತ್ತಿರುವಾಗಲೇ ಬಂದ ರಾಸುಗಳಲ್ಲಿ ಕಾಲುಭಾಗ ಮರಳಿ ಹೋಗಿದ್ದರೆ ಆ ಸ್ಥಿರತೆ ಹುಸಿ, ಮುಂದಿನ ವಾರ ಆ ರಾಸುಗಳೇ ಮತ್ತೆ ಬಂದು ದರವನ್ನು ಕೆಳಗೆ ತಳ್ಳುತ್ತವೆ. ಬಂದದ್ದೆಷ್ಟು, ಮರಳಿ ಹೋದದ್ದೆಷ್ಟು, ಕೂಗಿದ ಖರೀದಿದಾರರೆಷ್ಟು ಎಂಬ ಮೂರು ಅಂಕಿಗಳನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಇಬ್ಬರೇ ಖರೀದಿದಾರರು ನಡೆಸಿದ ಹರಾಜಿನ ದರಕ್ಕೂ ಹನ್ನೆರಡು ಜನ ಪೈಪೋಟಿ ಮಾಡಿದ ಹರಾಜಿನ ದರಕ್ಕೂ ಇರುವ ವ್ಯತ್ಯಾಸ ಮಾರುವವನಿಗೆ ತಿಳಿಯಬೇಕು.

ವರದಿಗಾರನ ಟಿಪ್ಪಣಿ ಇಡೀ ಪಟ್ಟಿಯಲ್ಲೇ ನನಗೆ ಅಚ್ಚುಮೆಚ್ಚಿನ ಭಾಗ. “ಹಾಲು ಬಿಡಿಸದ ಕರುಗಳಿಗೆ ಕೂಗು ಮಂದ”, “ಒಂದೇ ಬಣ್ಣ, ಒಂದೇ ಮೈಕಟ್ಟಿನ ಇಪ್ಪತ್ತರ ಗುಂಪಿಗೆ ಒಳ್ಳೆಯ ಪೈಪೋಟಿ”, “ಬಾಯಿಗೂಡಿದ (ಹಲ್ಲೆಲ್ಲ ಬಂದ) ಹಸುಗಳಲ್ಲಿ ಗಬ್ಬದವು ಮಾತ್ರ ಹೋದವು” ಎಂಬಂಥ ಸಾಲುಗಳು ಯಾವ ಕಾಲಮ್ಮಿಗೂ ಹಿಡಿಯದಂಥವು. ಹಾಲು ಬಿಡಿಸಿ, ಲಸಿಕೆ ಹಾಕಿಸಿ, ಹೊಸ ಮೇವಿಗೆ ರೂಢಿ ಮಾಡಿಸಿದ ಕರು ಕೊಂಡವನ ಹಟ್ಟಿಯಲ್ಲಿ ಕಾಯಿಲೆ ಬೀಳುವುದು ಕಡಿಮೆಯಾದ್ದರಿಂದ ಅದಕ್ಕೆ ಹೆಚ್ಚು ಕೊಡುತ್ತಾರೆ. ಈ ಟಿಪ್ಪಣಿಗಳನ್ನು ಓದಿದ ಮೇಲೆಯೇ ನಾನು ಕರುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಗುಂಪಾಗಿ ಮಾರಲು ತೊಡಗಿದೆ. ಬೇಸರದ ಸಂಗತಿಯೆಂದರೆ, ಇತ್ತೀಚಿನ ಕೆಲವು ತಿಂಗಳುಗಳಲ್ಲಿ ಟಿಪ್ಪಣಿ ಎರಡು ಸಾಲಿಗೆ ಇಳಿದಿದೆ, ಹಿಂದಿನ ವಾರದ ವಾಕ್ಯಗಳೇ ಮತ್ತೆ ಬಂದದ್ದನ್ನೂ ಕಂಡಿದ್ದೇನೆ. ಕಟ್ಟೆಯ ಬಳಿ ನಿಂತು ರಾಸುಗಳನ್ನು ನೋಡುವ ಕಣ್ಣನ್ನು ಉಳಿಸಿಕೊಳ್ಳದಿದ್ದರೆ ಈ ಸೇವೆ ಬರೀ ಅಂಕಿಗಳ ಮೂಟೆಯಾಗುತ್ತದೆ.

ಮಾರುಕಟ್ಟೆಯ ಒಲವನ್ನು ತೋರಿಸುವ ಕೊನೆಯ ಪುಟವನ್ನು ಎಚ್ಚರದಿಂದ ಓದಬೇಕು. ಕಳೆದ ವರ್ಷದ ಇದೇ ವಾರದೊಂದಿಗೆ ಅವರು ಮಾಡುವ ಹೋಲಿಕೆ ಕುರಿ ಮೇಕೆಗಳಲ್ಲಿ ಹಲವು ಸಲ ದಾರಿ ತಪ್ಪಿಸುತ್ತದೆ, ಏಕೆಂದರೆ ಟಗರು ಹೋತಗಳ ಬೇಡಿಕೆಯನ್ನು ಏರಿಸುವ ಬಕ್ರೀದ್ ಚಾಂದ್ರಮಾನವನ್ನು ಅನುಸರಿಸಿ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಬರಗಾಲದ ರೇಖೆಗಳನ್ನೂ ಹಾಗೆಯೇ ಬಿಡಿಸಿ ನೋಡಬೇಕು. ಮೇವಿಲ್ಲದೆ ಎಲ್ಲರೂ ಒಮ್ಮೆಲೇ ಮಾರಿದಾಗ ಆವಕ ಹೆಚ್ಚಿ ದರ ಬೀಳುತ್ತದೆ. ಮಳೆ ಬಂದ ಕೂಡಲೇ ಎಲ್ಲರೂ ಕಡಸುಗಳನ್ನು ಹಟ್ಟಿಯಲ್ಲೇ ಉಳಿಸಿಕೊಳ್ಳುವುದರಿಂದ ಆವಕ ಬತ್ತಿ ದರ ಚಿಮ್ಮುತ್ತದೆ. ಆ ಏರಿಕೆ ಬೇಗನೆ ತಣಿಯುವುದಿಲ್ಲ. ಹಸುವಿನ ಗರ್ಭಾವಧಿ ಸುಮಾರು 283 ದಿನ, ಉಳಿಸಿಕೊಂಡ ಕಡಸು ಬೆಳೆದು, ಗಬ್ಬವಾಗಿ, ಈದು, ಅದರ ಕರು ಮಾರಾಟದ ತೂಕಕ್ಕೆ ಬರುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಹಂದಿಯ ಗರ್ಭಾವಧಿ ಸುಮಾರು 114 ದಿನವಾದ್ದರಿಂದ ಅಲ್ಲಿ ದರದ ಏರಿಳಿತದ ಚಕ್ರ ಬೇಗ ತಿರುಗುತ್ತದೆ. ಮಾರಾಟವಾದ ರಾಸುಗಳಲ್ಲಿ ಹೆಣ್ಣುಗಳ ಪಾಲು ಎಷ್ಟು ಎಂಬ ಒಂದು ಅಂಕಿಯನ್ನು ಕೊಟ್ಟರೂ ಸಾಕು, ರೈತರು ಹಿಂಡನ್ನು ಕರಗಿಸುತ್ತಿದ್ದಾರೋ ಕಟ್ಟುತ್ತಿದ್ದಾರೋ ಎಂಬುದು ತಿಳಿಯುತ್ತದೆ; ಆಸ್ಟ್ರೇಲಿಯಾದಲ್ಲಿ ಕಸಾಯಿಖಾನೆಗೆ ಹೋಗುವ ದನಗಳಲ್ಲಿ ಹೆಣ್ಣಿನ ಪಾಲು ನೂರಕ್ಕೆ 47ನ್ನು ದಾಟಿದರೆ ಹಿಂಡು ಕರಗುತ್ತಿದೆಯೆಂದು ಓದುವ ಪದ್ಧತಿ ಇದೆ. ಈ ಸೇವೆಯ ಬಳಿ ಆ ಅಂಕಿ ಇದ್ದೇ ಇರುತ್ತದೆ, ಆದರೂ ಪ್ರಕಟಿಸುವುದಿಲ್ಲ.

ಕುರಿಗಳ ಕೋಷ್ಟಕ ಬಡವಾಗಿದೆ. ಮರಿ, ಟಗರು, ಮುದಿ ಕುರಿ ಎಂಬ ಮೂರೇ ವರ್ಗಗಳಿದ್ದು ತೂಕದ ಅಂತರಗಳಿಲ್ಲ, ತಲೆ ಲೆಕ್ಕದ ದರ ಮಾತ್ರ ಇದೆ. ಕುರಿಯನ್ನೇ ನಂಬಿದವರು ಈ ಸೇವೆಗೆ ಹಣ ಕೊಡುವುದು ಬೇಡ ಎಂದೇ ನಾನು ಹೇಳುತ್ತೇನೆ. ಪಟ್ಟಿ ತಲುಪುವ ಸಮಯದ ಬಗ್ಗೆಯೂ ಅಸಮಾಧಾನವಿದೆ: ಹರಾಜು ಮುಗಿದ ಮರುದಿನ ಬರಬೇಕಾದದ್ದು ಕೆಲವೊಮ್ಮೆ ನಾಲ್ಕನೆಯ ದಿನ ಬರುತ್ತದೆ, ಅಷ್ಟರಲ್ಲಿ ಮುಂದಿನ ಹರಾಜಿಗೆ ಲಾರಿ ಗೊತ್ತುಮಾಡುವ ಹೊತ್ತು ಮೀರಿರುತ್ತದೆ.

ಇಷ್ಟೆಲ್ಲದರ ನಂತರವೂ ನಾನು ಮೂರನೆಯ ವರ್ಷಕ್ಕೆ ಚಂದಾ ಕಟ್ಟಿದ್ದೇನೆ. ವರ್ಷಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ದನಗಳನ್ನು ಕೊಂಡು ಮಾರುವವರಿಗೆ ತೂಕವಾರು ಕೋಷ್ಟಕವೊಂದೇ ಆ ಹಣಕ್ಕೆ ಸಮನಾಗಿದೆ. ಒಂದೋ ಎರಡೋ ರಾಸು ಮಾರುವವರು ಪಕ್ಕದವರ ಪಟ್ಟಿಯನ್ನು ಕೇಳಿ ಓದಿದರೆ ಸಾಕು. ಚಂದಾ ಹಣದ ಜೊತೆ ಒಂದು ಪತ್ರವನ್ನೂ ಕಳಿಸಿ, ಮರಳಿ ಹೋದ ರಾಸುಗಳ ಸಂಖ್ಯೆ ಮತ್ತು ತೂಕ ಮಾಡಿದ ಹೊತ್ತು, ಈ ಎರಡು ಕಾಲಮ್ಮುಗಳನ್ನು ಸೇರಿಸಬೇಕೆಂದು ಕೇಳಿಕೊಂಡಿದ್ದೇನೆ. ಮೊದಲನೆಯದನ್ನು ಮುಂದಿನ ತಿಂಗಳಿನಿಂದ ಕೊಡುವುದಾಗಿ ಉತ್ತರ ಬಂದಿದೆ.