ಸಿಂಗಪುರವನ್ನು ತಿಳಿಯಲು ನಾಲ್ಕು ಪುಸ್ತಕ: ಯಾವುದನ್ನು ಮೊದಲು ಓದಬೇಕು?

ಸಿಂಗಪುರಕ್ಕೆ ಕೆಲಸಕ್ಕೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಎಷ್ಟು, ಮಕ್ಕಳ ಸ್ಕೂಲು ಹೇಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ. ಇದಕ್ಕೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಆದರೆ ಆ ಊರಿನ ಜನ ಹೇಗೆ ಬದುಕುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವುದರ ಬಗ್ಗೆ ಮಾತಾಡಲು ಹಿಂಜರಿಯುತ್ತಾರೆ ಅಂತ ಅಪರೂಪಕ್ಕೆ ಯಾರಾದರೂ ಕೇಳಿದರೆ ಪುಸ್ತಕದ ಹೆಸರು ಹೇಳಬೇಕಾಗುತ್ತದೆ. ಆಗ ಎಲ್ಲರ ಬಾಯಿಗೂ ಬರುವುದು ‘ಕ್ರೇಜಿ ರಿಚ್ ಏಷ್ಯನ್ಸ್’. ಓದಿ, ಮಜಾ ಇದೆ. ಆದರೆ ಅಲ್ಲಿ ನೆಲೆಸಿದವರಲ್ಲಿ ಐವರಲ್ಲಿ ಹೆಚ್ಚುಕಡಿಮೆ ನಾಲ್ವರು ಸರ್ಕಾರದ ವಸತಿ ಮಂಡಳಿ (ಎಚ್‌ಡಿಬಿ) ಕಟ್ಟಿಸಿದ ಫ್ಲ್ಯಾಟುಗಳಲ್ಲಿದ್ದಾರೆ. ಬಂಗಲೆಯವರ ಕಥೆ ಓದಿ ಅವರ ಬದುಕು ಗೊತ್ತಾಗೋದು ಹೇಗೆ?

ನಾನು ಕೆಲಸದ ಮೇಲೆ ಅಲ್ಲಿದ್ದಾಗ ಮತ್ತು ವಾಪಸ್ ಬಂದ ಮೇಲೆ ಈ ಊರಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ನಾಲ್ಕನ್ನು ಇಲ್ಲಿ ಪಕ್ಕಪಕ್ಕ ಇಡುತ್ತಿದ್ದೇನೆ. ಟಿಯೊ ಯು ಯೆನ್ ಅವರ ‘ದಿಸ್ ಈಸ್ ವಾಟ್ ಇನ್‌ಈಕ್ವಾಲಿಟಿ ಲುಕ್ಸ್ ಲೈಕ್’ (2018), ಇಂಗ್ ಕೊಕ್ ಹೋ ಮತ್ತು ಕ್ಯಾಶಿಯಾ ರೀಸೆಟಲ್‌ಮೆಂಟ್ ಟೀಮ್‌ನವರ ‘ದೇ ಟೋಲ್ಡ್ ಅಸ್ ಟು ಮೂವ್’ (2019), ಶರೀಫ್ ಉದ್ದೀನ್ ಅವರ ‘ಸ್ಟ್ರೇಂಜರ್ ಟು ಮೈ ವರ್ಲ್ಡ್’ (2021), ರೇಚಲ್ ಹೆಂಗ್ ಅವರ ‘ದಿ ಗ್ರೇಟ್ ರೆಕ್ಲಮೇಷನ್’ (2023). ಒಂದು ಸಮಾಜಶಾಸ್ತ್ರಜ್ಞೆಯ ಪ್ರಬಂಧಗಳು, ಒಂದು ಹಲವರು ಸೇರಿ ಬರೆದದ್ದು, ಒಂದು ಕಾರ್ಮಿಕನ ದಿನಚರಿ, ಒಂದು ಕಾದಂಬರಿ. ಬೇರೆ ಬೇರೆ ಜಾತಿಯ ಪುಸ್ತಕಗಳನ್ನು ಹೋಲಿಸೋದು ಸರಿನಾ ಅಂತ ಕೇಳಬಹುದು. ನಾಲ್ಕೂ ಸುತ್ತುವುದು ಒಂದೇ ವಿಷಯದ ಸುತ್ತ: ತಲೆಯ ಮೇಲಿನ ಸೂರು, ಅದನ್ನು ಕೊಡುವವರು ಯಾರು, ಖಾಲಿ ಮಾಡಿ ಅನ್ನುವವರು ಯಾರು. ನಾನು ಅಳೆದದ್ದೂ ಒಂದೇ ಅಳತೆಯಿಂದ. ಪುಸ್ತಕದಲ್ಲಿ ಮಾತಾಡುತ್ತಿರುವವರು ಯಾರು?

ಮೊದಲು ಟಿಯೊ. ಸಿಂಗಪುರದಲ್ಲಿ ಪುಸ್ತಕ ಓದುವ ಯಾರನ್ನು ಕೇಳಿದರೂ ಈ ಹೆಸರು ಬರುತ್ತದೆ. ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಈಕೆ 2013ರಿಂದ 2016ರವರೆಗೆ ಎಚ್‌ಡಿಬಿಯ ಬಾಡಿಗೆ ಮನೆಗಳಿಗೆ ಹೋಗಿ ಜನರ ಜೊತೆ ಮಾತಾಡಿದರು. ಇಲ್ಲಿ ಒಂದು ವಿಷಯ ಹೇಳಬೇಕು. ಎಚ್‌ಡಿಬಿಯಲ್ಲಿ ಇರುವವರಲ್ಲಿ ಹೆಚ್ಚಿನವರು ಮನೆ ಕೊಂಡವರು, 99 ವರ್ಷದ ಲೀಸಿಗೆ. ಕೊಳ್ಳಲು ಆಗದವರಿಗೆ ಒಂದು ಕೋಣೆ, ಎರಡು ಕೋಣೆಯ ಬಾಡಿಗೆ ಫ್ಲ್ಯಾಟುಗಳು ಬೇರೆ ಇವೆ. ಅವು ಸಂಖ್ಯೆಯಲ್ಲಿ ಕಡಿಮೆ, ಹೊರಗಿನಿಂದ ನೋಡಿದರೆ ಬೇರೆ ಬ್ಲಾಕುಗಳ ಹಾಗೇ ಕಾಣುತ್ತವೆ, ಅದೇ ಬಣ್ಣ, ಅದೇ ಲಿಫ್ಟು. ಒಳಗೆ ಹೋದರೆ ಮಾತ್ರ ಉದ್ದನೆಯ ಕಾರಿಡಾರಿನಲ್ಲಿ ಬಾಗಿಲುಗಳು ಒಂದಕ್ಕೊಂದು ತೀರಾ ಹತ್ತಿರ ಇರುವುದು ಗೊತ್ತಾಗುತ್ತದೆ. ಈ ಪುಸ್ತಕ ಓದುವವರೆಗೆ ನಾನು ಅಂಥ ಬ್ಲಾಕಿನ ಮುಂದೆ ಎಷ್ಟೋ ಸಲ ನಡೆದು ಹೋಗಿದ್ದರೂ ನಿಂತು ನೋಡಿರಲಿಲ್ಲ.

ಟಿಯೊ ಅವರ ಶಕ್ತಿ ಇರುವುದು ವಾದ ಕಟ್ಟುವುದರಲ್ಲಿ. ಮಗುವಿಗೆ ಜ್ವರ ಬಂದರೆ ಪ್ರೊಫೆಸರ್ ಆಗಿರುವ ತಾನು ಮನೆಯಲ್ಲೇ ಕೂತು ಕೆಲಸ ಮಾಡಬಹುದು, ಶುಚಿ ಮಾಡುವ ಕೆಲಸಕ್ಕೆ ಹೋಗುವ ತಾಯಿ ಅದೇ ದಿನ ರಜೆ ಹಾಕಿದರೆ ಕೆಲಸವೇ ಹೋಗಬಹುದು. ಹಾಗಾದರೆ ಕೆಲಸ ಮತ್ತು ಮನೆ ಎರಡನ್ನೂ ತೂಗಿಸಿಕೊಂಡು ಹೋಗುವುದು ಜಾಣತನವಾ, ಅಥವಾ ಕೆಲವರಿಗೆ ಮಾತ್ರ ಸಿಕ್ಕಿರುವ ಸವಲತ್ತಾ? ಸಹಾಯಧನಕ್ಕೆ ಅರ್ಜಿ ಹಾಕಿದವರು ತಮ್ಮ ಬಡತನವನ್ನು ಮತ್ತೆ ಮತ್ತೆ ಸಾಬೀತು ಮಾಡಬೇಕು, ಸಂಬಳದ ಚೀಟಿ ತೋರಿಸಬೇಕು, ಕೆಲವು ತಿಂಗಳಾದ ಮೇಲೆ ಮತ್ತೆ ಅದೇ. ಹನ್ನೆರಡನೇ ವಯಸ್ಸಿಗೆ ಮಕ್ಕಳು ಬರೆಯುವ ಪಿಎಸ್‌ಎಲ್‌ಇ ಪರೀಕ್ಷೆ, ಅದಕ್ಕೆ ಟ್ಯೂಷನ್ ಕೊಡಿಸಲು ಆಗದ ಮನೆಗಳು, ಇದೂ ಬರುತ್ತದೆ. ಓದುವಾಗ ಬೆಂಗಳೂರಿನ ಟ್ಯೂಷನ್ ಸೆಂಟರುಗಳು ನೆನಪಾಗದೆ ಇರಲ್ಲ ಬಿಡಿ.

ಆದರೆ ನನ್ನ ಅಳತೆಗೆ ಹಿಡಿದರೆ ಇಲ್ಲೊಂದು ಕೊರತೆ ಇದೆ. ಉದ್ದಕ್ಕೂ ಕೇಳಿಸುವುದು ಟಿಯೊ ಅವರ ದನಿ. ತಾನು ಹೇಗೆ ನೋಡಿದೆ, ತನಗೆ ಏಕೆ ಮುಜುಗರವಾಯಿತು, ತನ್ನ ಮಗಳಿಗೂ ಆ ಮಕ್ಕಳಿಗೂ ಇರುವ ಅಂತರ ಏನು. ಇದು ಪ್ರಾಮಾಣಿಕತೆ, ಒಪ್ಪುತ್ತೇನೆ. ಆದರೂ ಆ ಮನೆಯವರು ತಮ್ಮ ಮಾತಿನಲ್ಲಿ ಎರಡು ಪುಟ ಹರಟೆ ಹೊಡೆಯಲಿ ಅಂತ ಅನ್ನಿಸುತ್ತಲೇ ಇರುತ್ತದೆ. ಇನ್ನೊಂದು ವಿಷಯ, ಜನಾಂಗ. ಅದನ್ನು ಮುಂದಕ್ಕೆ ತರದೆ ವರ್ಗದ ಮೇಲೆ ಗಮನ ಇಟ್ಟಿದ್ದೇಕೆ ಅಂತ ಅವರೇ ಒಂದು ಪ್ರಬಂಧದಲ್ಲಿ ವಿವರಿಸುತ್ತಾರೆ. ಕಾರಣ ಸರಿಯಾಗಿದೆ. ಆದರೆ ‘ಭಾರತೀಯರಿಗೆ ಕೊಡುವುದಿಲ್ಲ’ ಅನ್ನುವ ಬಾಡಿಗೆ ಜಾಹೀರಾತುಗಳನ್ನು ಓದಿಕೊಂಡು ಮನೆ ಹುಡುಕಿದ ನನ್ನಂಥವರಿಗೆ ಅದು ಅರ್ಧ ಉತ್ತರ. 1989ರಿಂದ ಪ್ರತಿ ಎಚ್‌ಡಿಬಿ ಬ್ಲಾಕಿನಲ್ಲೂ ಚೀನಿಯರು, ಮಲಯರು, ಭಾರತೀಯರು ಮತ್ತು ಇತರರು ಇಷ್ಟಿಷ್ಟೇ ಇರಬೇಕು ಎಂಬ ಮಿತಿ ಇದೆ. ಅಂಥ ಊರಿನಲ್ಲಿ ಮನೆಯ ಮಾತು ಬಂದರೆ ಜನಾಂಗದ ಮಾತು ಬಾರದೆ ಇರುವುದು ಕಷ್ಟ.

(ಇಲ್ಲೇ ಒಂದು ಉಪಕಥೆ. ಆ ಲೆಕ್ಕದಲ್ಲಿ ನಾವೆಲ್ಲ ‘ಇಂಡಿಯನ್’. ಶಾಲೆಯಲ್ಲಿ ಎರಡನೇ ಭಾಷೆಯಾಗಿ ತಮಿಳು ಇದೆ, ಬೇಡವಾದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುವಿಗೂ ಅವಕಾಶ ಇದೆ. ಕನ್ನಡಕ್ಕಿಲ್ಲ. ಹಾಗಾಗಿ ಅಲ್ಲಿಯ ಕನ್ನಡದ ಮಕ್ಕಳು ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಆರಿಸಿಕೊಳ್ಳುತ್ತಾರೆ. ಈ ನಾಲ್ಕು ಪುಸ್ತಕದಲ್ಲಿ ಯಾವುದೂ ಇಷ್ಟು ಸಣ್ಣ ಗುಂಪಿನ ತನಕ ಬರುವುದಿಲ್ಲ. ಬರಬೇಕು ಅಂತಲೂ ನಾನು ಹೇಳುತ್ತಿಲ್ಲ.)

ಈಗ ‘ದೇ ಟೋಲ್ಡ್ ಅಸ್ ಟು ಮೂವ್’. ನನ್ನ ಮಟ್ಟಿಗೆ ನಾಲ್ಕರಲ್ಲಿ ಮೊದಲು ಓದಬೇಕಾದದ್ದು ಇದು, ಟಿಯೊ ಅವರದ್ದಲ್ಲ. ಡಕೋಟಾ ಕ್ರೆಸೆಂಟ್ ಎಂಬ ಕಡೆ 1958ರಲ್ಲಿ, ಅಂದರೆ ಎಚ್‌ಡಿಬಿ ಹುಟ್ಟುವ ಎರಡು ವರ್ಷ ಮೊದಲು, ಬ್ರಿಟಿಷರ ಕಾಲದ ಸಂಸ್ಥೆ ಕಟ್ಟಿಸಿದ ಕಡಿಮೆ ಎತ್ತರದ ಬ್ಲಾಕುಗಳಿದ್ದವು. ಹತ್ತಿರದಲ್ಲೇ ಹಳೇ ಕಲ್ಲಾಂಗ್ ವಿಮಾನ ನಿಲ್ದಾಣ ಇತ್ತು, ಅಲ್ಲಿ ಇಳಿಯುತ್ತಿದ್ದ ಡಕೋಟಾ ವಿಮಾನದಿಂದ ಆ ಹೆಸರು. ಪಾರಿವಾಳದ ಆಕಾರದ ಹಳೇ ಆಟದ ಮೈದಾನದ ಫೋಟೋ ನೀವು ಇನ್‌ಸ್ಟಾಗ್ರಾಮಿನಲ್ಲಿ ನೋಡಿರಬಹುದು, ಅದು ಅಲ್ಲಿಯದೇ. 2014ರಲ್ಲಿ ಅಲ್ಲಿಯವರಿಗೆ ಜಾಗ ಖಾಲಿ ಮಾಡಿ ಅಂತ ಸೂಚನೆ ಬಂತು. 2016ರ ಕೊನೆಯೊಳಗೆ ಹೋಗಬೇಕು. ಬಾಡಿಗೆದಾರರಲ್ಲಿ ವಯಸ್ಸಾದವರೇ ಜಾಸ್ತಿ. ಬಹಳ ಜನ ಹತ್ತಿರದ ಕ್ಯಾಶಿಯಾ ಕ್ರೆಸೆಂಟಿನ ಎತ್ತರದ ಹೊಸ ಬ್ಲಾಕಿಗೆ ಹೋದರು.

ಇದು ಒಕ್ಕಲೆಬ್ಬಿಸಿ ಬೀದಿಗೆ ತಳ್ಳಿದ ಕಥೆ ಅಲ್ಲ, ಅದೇ ಇದರ ವಿಶೇಷ. ಹೊಸ ಮನೆ ಕೊಟ್ಟಿದ್ದಾರೆ. ಲಿಫ್ಟ್ ಇದೆ. ಆದರೂ ಏನೋ ಕಳೆದುಹೋಗಿದೆ, ಅದನ್ನು ಬೆರಳಿಟ್ಟು ತೋರಿಸುವುದು ಹೇಗೆ? ಪುಸ್ತಕ ಮೂರು ಕಡೆಯಿಂದ ಹಿಡಿಯುತ್ತದೆ. ಜಾಗ ಬಿಟ್ಟವರು ತಮ್ಮ ಕಥೆ ಹೇಳುತ್ತಾರೆ. ಅವರಿಗೆ ಸಹಾಯ ಮಾಡಲು ಹೋದ ಸ್ವಯಂಸೇವಕರು ತಾವು ಕಂಡದ್ದನ್ನು ಬರೆಯುತ್ತಾರೆ. ಆಮೇಲೆ ವಿದ್ವಾಂಸರು ಬಂದು ಅದನ್ನು ವಸತಿ ನೀತಿ, ಮುಪ್ಪು, ಬಡತನದ ಜೊತೆ ಜೋಡಿಸುತ್ತಾರೆ. ಹೀಗಾಗಿ ಒಂದೇ ವಿಷಯದಲ್ಲಿ ಮೂವರು ಮೂರು ರೀತಿ ಮಾತಾಡುವುದು ಕೇಳಿಸುತ್ತದೆ, ಕೆಲವು ಕಡೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದೇ ಇಲ್ಲ, ಸಂಪಾದಕರು ಅದನ್ನು ತೇಪೆ ಹಾಕಿ ಮುಚ್ಚಿಲ್ಲ. ಟಿಯೊ ಅವರಲ್ಲಿ ನಾನು ಹುಡುಕುತ್ತಿದ್ದ ಹರಟೆ ಇಲ್ಲಿ ಸಿಕ್ಕಿತು.

ಎಲ್ಲ ಭಾಗವೂ ಒಂದೇ ಮಟ್ಟದಲ್ಲಿಲ್ಲ. ಸ್ವಯಂಸೇವಕರ ಬರಹದಲ್ಲಿ ಕೆಲವು ಸುಮ್ನೆ ಭಾವುಕವಾಗಿವೆ, ದಾಟಿಸಿ ಓದಿದರೂ ನಷ್ಟವಿಲ್ಲ. ವಿದ್ವಾಂಸರ ಭಾಗ ಮಾತ್ರ ಬಿಡಬೇಡಿ. ಅಂದಹಾಗೆ 2017ರ ಡಿಸೆಂಬರಿನಲ್ಲಿ ಆರು ಬ್ಲಾಕುಗಳನ್ನು ಕೆಡವದೆ ಉಳಿಸುತ್ತೇವೆ ಅಂತ ಸರ್ಕಾರ ಹೇಳಿತು. ಕಟ್ಟಡ ಉಳಿಯುತ್ತೆ, ಜನ ಆಗಲೇ ಹೋಗಿಯಾಗಿತ್ತು. ಆ ಪ್ರದೇಶಕ್ಕೆ ಹೋಗುವವರು ಮೊದಲು ಪುಸ್ತಕ ಓದಿ, ಆಮೇಲೆ ಡಕೋಟಾ ಎಂಆರ್‌ಟಿ (ಮೆಟ್ರೊ) ನಿಲ್ದಾಣದಲ್ಲಿ ಇಳಿದು ನಡೆಯಿರಿ. ಹಸಿವಾದರೆ ಓಲ್ಡ್ ಏರ್‌ಪೋರ್ಟ್ ರೋಡ್ ಫುಡ್ ಸೆಂಟರ್ ಅಲ್ಲೇ ಇದೆ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಮೊದಲೇ ಹೇಳಿಬಿಡುತ್ತೇನೆ.

ಮೂರನೆಯದು, ಶರೀಫ್ ಉದ್ದೀನ್ ಅವರ ದಿನಚರಿ. ಬಾಂಗ್ಲಾದೇಶದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇವರ ಮೊದಲ ಪುಸ್ತಕ ‘ಸ್ಟ್ರೇಂಜರ್ ಟು ಮೈಸೆಲ್ಫ್’ 2017ರಲ್ಲಿ ಬಂತು, ಇದು ಕೋವಿಡ್ ಕಾಲದ್ದು. 2020ರ ಏಪ್ರಿಲ್‌ನಲ್ಲಿ ವಲಸೆ ಕಾರ್ಮಿಕರ ಡಾರ್ಮಿಟರಿಗಳಲ್ಲಿ ಸೋಂಕು ಹಬ್ಬಿದಾಗ ಅವರನ್ನೆಲ್ಲ ಒಳಗೇ ಇರಿಸಿದರು. ಆ ವರ್ಷದ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಡಾರ್ಮಿಟರಿಯಲ್ಲಿದ್ದ ಸುಮಾರು 3,23,000 ಜನರಲ್ಲಿ ಶೇ. 47ರಷ್ಟು ಮಂದಿಗೆ ಸೋಂಕು ತಗುಲಿತ್ತು. ಊರು ತೆರೆದುಕೊಂಡ ಮೇಲೂ ಅವರಿಗೆ ಮಾತ್ರ ಬಹಳ ಕಾಲ ಹೊರಗೆ ಹೋಗುವ ಸ್ವಾತಂತ್ರ್ಯ ಇರಲಿಲ್ಲ.

ಬರವಣಿಗೆ ಅಂತ ನೋಡಿದರೆ ನಾಲ್ಕರಲ್ಲಿ ಇದೇ ಒರಟು. ಹೇಳಿದ್ದನ್ನೇ ಹೇಳುತ್ತದೆ, ಭಾವುಕತೆ ಉಕ್ಕಿ ಹರಿಯುತ್ತದೆ. ಒಂದೇ ಕೂರಿಕೆಯಲ್ಲಿ ಓದಲು ಹೋಗಬೇಡಿ, ಬೇಸರ ಬರುತ್ತದೆ. ಆದರೆ ಬೀಗ ಹಾಕಿದ ಕಡೆ ದಿನ ಕಳೆಯುವವನ ದಿನಚರಿ ಬೇರೆ ಹೇಗಿರಲು ಸಾಧ್ಯ? ನನ್ನ ಅಳತೆಯಲ್ಲಿ ಇದಕ್ಕೇ ಪೂರ್ತಿ ಅಂಕ, ಏಕೆಂದರೆ ಇಲ್ಲಿ ಮಧ್ಯದಲ್ಲಿ ಯಾರೂ ಇಲ್ಲ. ಟಿಯೊ ಬಡವರ ಪರವಾಗಿ ಬರೆಯುತ್ತಾರೆ, ಡಕೋಟಾ ಪುಸ್ತಕದವರು ಅವರ ಜೊತೆ ಕೂತು ಬರೆಯುತ್ತಾರೆ, ಈತ ತಾನೇ ಬರೆಯುತ್ತಾನೆ. ಇನ್ನೊಂದು ಮುಖ್ಯ ವ್ಯತ್ಯಾಸ: ಮೊದಲೆರಡು ಪುಸ್ತಕದಲ್ಲಿ ಬರುವವರು ಎಷ್ಟೇ ಬಡವರಾದರೂ ಆ ಊರಿನವರು, ಸರ್ಕಾರದ ಬಾಗಿಲಿಗೆ ಹೋಗಿ ಮನೆ ಕೇಳಬಹುದು. ಎಚ್‌ಡಿಬಿ ಬ್ಲಾಕು ಕಟ್ಟುವವರಲ್ಲಿ ಬಹುಪಾಲು ಇಂಥ ಕಾರ್ಮಿಕರೇ. ಅವರಿಗೆ ಆ ಬಾಗಿಲೇ ಇಲ್ಲ. ಕೆಲಸದ ಪಾಸಿನ ಮೇಲೆ ಅಲ್ಲಿರುವ ನಮ್ಮ ಐಟಿಯವರಿಗೂ ಎಚ್‌ಡಿಬಿ ಮನೆ ಕೊಳ್ಳುವ ಹಕ್ಕಿಲ್ಲ, ಆದರೆ ಭಾನುವಾರ ಮುಸ್ತಫಾ ಸೆಂಟರ್ ಎಂಬ ದೊಡ್ಡ ಅಂಗಡಿಗೆ ಹೋಗಿ ಬರಲು ಯಾರ ಅನುಮತಿಯೂ ಬೇಕಿರಲಿಲ್ಲ. ಲಿಟಲ್ ಇಂಡಿಯಾದ ಸೆರಂಗೂನ್ ರೋಡಿನಲ್ಲಿ ಭಾನುವಾರ ಸೇರುವ ಈ ಕಾರ್ಮಿಕರ ಗುಂಪನ್ನು ನೋಡಿ ‘ಅಬ್ಬಾ ಏನು ರಷ್’ ಅಂತ ಮೂಗು ಮುರಿಯುವ ನಮ್ಮವರಿಗೆ ಈ ಪುಸ್ತಕ ಕೈಗೆ ಕೊಡಬೇಕು.

ಕೊನೆಯದು ಕಾದಂಬರಿ. ಬರವಣಿಗೆಯಲ್ಲಿ ಇದರ ಹತ್ತಿರ ಉಳಿದ ಮೂರೂ ಸುಳಿಯುವುದಿಲ್ಲ. ಕಡಲಂಚಿನ ಒಂದು ಮೀನುಗಾರರ ಹಳ್ಳಿ, ಅಲ್ಲಿಯ ಒಬ್ಬ ಹುಡುಗ, ಹೆಸರು ‘ಆ ಬೂನ್’. ಅವನು ದೋಣಿಯಲ್ಲಿದ್ದರೆ ಕಾಣಿಸಿಕೊಳ್ಳುವ, ಆಮೇಲೆ ಮಾಯವಾಗುವ ದ್ವೀಪಗಳು, ಅವುಗಳ ಸುತ್ತ ರಾಶಿ ಮೀನು. ಆಮೇಲೆ ಜಪಾನಿಯರು ಬರುತ್ತಾರೆ, ಬ್ರಿಟಿಷರು ಹೋಗುತ್ತಾರೆ, ಹೊಸ ಸರ್ಕಾರದ ಬಿಳಿ ಅಂಗಿಯ ಮಂದಿ ಬಂದು ಕಡಲಿಗೆ ಮಣ್ಣು ತುಂಬಿ ನೆಲ ಮಾಡುತ್ತೇವೆ, ನಿಮಗೆ ನಲ್ಲಿ ನೀರಿರುವ ಫ್ಲ್ಯಾಟು ಕೊಡುತ್ತೇವೆ ಅನ್ನುತ್ತಾರೆ. ‘ಆ ಬೂನ್’ ಯಾರ ಕಡೆ ನಿಲ್ಲುತ್ತಾನೆ ಅನ್ನುವುದೇ ಕಾದಂಬರಿ, ಅದನ್ನು ಹೇಳಿ ಕೆಡಿಸುವುದಿಲ್ಲ. ಡಕೋಟಾದಲ್ಲಿ 2014ರಲ್ಲಿ ನಡೆದದ್ದರ ಹಿಂದಿನ ಕಂತು ಇದು. ಅಭಿವೃದ್ಧಿಯನ್ನು ಖಳನಾಯಕ ಮಾಡಿಲ್ಲ, ಫ್ಲ್ಯಾಟು ಬೇಕು ಅಂತ ಆಸೆಪಡುವವರ ಆಸೆಯೂ ಅಷ್ಟೇ ನಿಜ ಅನ್ನಿಸುತ್ತದೆ. ನಮ್ಮಲ್ಲಿ ಶರಾವತಿ ಮುಳುಗಡೆಯ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಬೇಗ ಒಳಗೆ ಇಳಿಯುತ್ತದೆ. ಅಲ್ಲಿ ನೀರು ಬಂದು ನೆಲ ಹೋಯಿತು, ಇಲ್ಲಿ ನೆಲ ಬಂದು ನೀರು ಹೋಗುತ್ತದೆ.

ದೂರು ಎರಡು. ಮಧ್ಯದಲ್ಲಿ ಪ್ರೇಮದ ಎಳೆ ಸ್ವಲ್ಪ ಜಗ್ಗಾಡುತ್ತದೆ. ಇನ್ನೊಂದು, ಹೊರದೇಶದ ಓದುಗನಿಗೆ ಇತಿಹಾಸ ಗೊತ್ತಾಗಲಿ ಅಂತ ಕೆಲವು ಕಡೆ ಪಾತ್ರಗಳು ಪಾಠ ಮಾಡಿದ ಹಾಗೆ ಕೇಳಿಸುತ್ತದೆ. ಆ ಕಾಲದ ಎಡಪಂಥೀಯರ ಬಂಧನ, ಚಳವಳಿ ಇವೆಲ್ಲ ಇನ್ನೂ ಬಿಗಿಯಾಗಿ ಬೇಕಿದ್ದರೆ ಸನ್ನಿ ಲಿಯು ಅವರ ಚಿತ್ರಕಾದಂಬರಿ ‘ದಿ ಆರ್ಟ್ ಆಫ್ ಚಾರ್ಲಿ ಚಾನ್ ಹಾಕ್ ಚೈ’ ಇದೆ, 2015ರದ್ದು. ಅದಕ್ಕೆ ಕೊಟ್ಟಿದ್ದ 8,000 ಡಾಲರ್ ಅನುದಾನವನ್ನು ಅಲ್ಲಿಯ ಕಲಾ ಮಂಡಳಿ ವಾಪಸ್ ಪಡೆಯಿತು, ಎರಡು ವರ್ಷದ ಮೇಲೆ ಅದಕ್ಕೆ ಮೂರು ಐಸ್ನರ್ ಪ್ರಶಸ್ತಿ ಬಂತು. ಹೊಸದಲ್ಲ ಅಂತ ಈ ಹೋಲಿಕೆಗೆ ಸೇರಿಸಲಿಲ್ಲ ಅಷ್ಟೇ.

ಸಿಗುವ ವಿಷಯ. ಕಾದಂಬರಿ ಅಮೆರಿಕದ ದೊಡ್ಡ ಪ್ರಕಾಶನದ್ದು, ಇಂಡಿಯಾದಲ್ಲೂ ಆನ್‌ಲೈನಿನಲ್ಲಿ ತರಿಸಬಹುದು. ಉಳಿದ ಮೂರೂ ಸಿಂಗಪುರದ ಸಣ್ಣ ಪ್ರಕಾಶಕರದ್ದು, ಇಲ್ಲಿಗೆ ತರಿಸಿದರೆ ಪುಸ್ತಕಕ್ಕಿಂತ ಅಂಚೆ ಖರ್ಚೇ ಚುಚ್ಚುತ್ತದೆ. ಅಲ್ಲಿಂದ ಬರುವವರ ಕೈಲಿ ತರಿಸಿ. ಅಲ್ಲೇ ಇದ್ದರೆ ಆರ್ಚರ್ಡ್‌ನ ಕಿನೊಕುನಿಯಾ ಪುಸ್ತಕದಂಗಡಿಯಲ್ಲಿ ಸಿಂಗಪುರದ ಪುಸ್ತಕಗಳಿಗೇ ಬೇರೆ ಕಪಾಟು ಇದೆ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ವಿಕ್ಟೋರಿಯಾ ಸ್ಟ್ರೀಟಿನ ನ್ಯಾಷನಲ್ ಲೈಬ್ರರಿಗೆ ಹೋಗಿ. ಹೊರದೇಶದವರು ಮನೆಗೆ ಒಯ್ಯಬೇಕಾದರೆ ವರ್ಷಕ್ಕೆ ಶುಲ್ಕ ಕಟ್ಟಬೇಕು, ಅಲ್ಲೇ ಕೂತು ಓದಿದರೆ ಪುಕ್ಕಟೆ, ಏಸಿ ಬೇರೆ.

ಓದುವ ಕ್ರಮ ಕೇಳಿದರೆ, ಡಕೋಟಾದ ಪುಸ್ತಕ ಮೊದಲು, ಅದರ ಬೆನ್ನಿಗೆ ಟಿಯೊ. ದಿನಚರಿಯನ್ನು ಎರಡರ ನಡುವೆ ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ. ವಾದ ಗೀದ ಬೇಡ, ಕಥೆ ಸಾಕು ಅನ್ನುವವರು ನೇರ ಕಾದಂಬರಿಗೆ ಹೋಗಿ, ಆದರೆ ಪಕ್ಕದಲ್ಲಿ ನಕ್ಷೆ ಇಟ್ಟುಕೊಳ್ಳಿ. ಪೂರ್ವ ಕರಾವಳಿಯಲ್ಲಿ ಮಣ್ಣು ತುಂಬುವ ಕೆಲಸ ನಿಜವಾಗಿ ಶುರುವಾದದ್ದು 1966ರಲ್ಲಿ, ಬೆಡೋಕ್ ಕಡೆಯ ಗುಡ್ಡಗಳನ್ನು ಕಡಿದು ಆ ಮಣ್ಣನ್ನು ಕಡಲಿಗೆ ಸುರಿದರು. ಈಗ ಮರೀನ್ ಪರೇಡ್‌ನ ಫ್ಲ್ಯಾಟುಗಳು, ಈಸ್ಟ್ ಕೋಸ್ಟ್ ಪಾರ್ಕು, ಊರಿನಿಂದ ಚಾಂಗಿ ಏರ್‌ಪೋರ್ಟಿಗೆ ಹೋಗುವ ಹೆದ್ದಾರಿ ಎಲ್ಲ ಇರುವುದು ಆ ಮಣ್ಣಿನ ಮೇಲೇ. ಕಟೋಂಗ್‌ನ ಹಳೇ ಬಂಗಲೆಗಳು ಒಂದು ಕಾಲಕ್ಕೆ ಕಡಲಿಗೆ ಮುಖ ಮಾಡಿದ್ದವು, ಈಗ ಅವುಗಳಿಂದ ನೀರಿನ ತನಕ ನಡೆಯಬೇಕೆಂದರೆ ಬ್ಲಾಕುಗಳನ್ನೂ ಹೆದ್ದಾರಿಯನ್ನೂ ದಾಟಬೇಕು.